ಬಿದ್ದವರನ್ನು ಮತ್ತೆ ನಡೆಸುವವರಾರು?

ಲಕ್ವಾ ಹೊಡೆದವನ ಜೀವ ಉಳಿಯಿತೆಂದರೆ ವೈದ್ಯದ ಕೆಲಸ ಮುಗಿಯಿತೆಂಬ ತಿಳುವಳಿಕೆ ನಮ್ಮಲ್ಲಿ ಬೇರೂರಿದೆ. ಆಸ್ಪತ್ರೆಯವರು ಚೀಟಿ ಬರೆದು ಮನೆಗೆ ಕಳಿಸುತ್ತಾರೆ. ಸರಕಾರ ಲೆಕ್ಕದ ಪುಸ್ತಕ ಮುಚ್ಚುತ್ತದೆ. ಆದರೆ ಮಗ್ಗದ ಮುಂದೆ ದಿನವಿಡೀ ನಿಂತು ದುಡಿಯುವವನಿಗೂ, ಬುಟ್ಟಿ ಹೊತ್ತು ಸಂತೆಗೆ ಹೋಗುವವಳಿಗೂ ಬಾಳಿನ ಪ್ರಶ್ನೆ ಶುರುವಾಗುವದೇ ಅಲ್ಲಿಂದ. ನಿಲ್ಲಲಾರದ ಕಾಲು ಪಗಾರ ತರಲಾರದು. ಬೆಳಗಾವಿಯ ಕಾರ್ಮಿಕರೂ ಖಾನಾಪುರದ ಸಣ್ಣ ವ್ಯಾಪಾರಸ್ಥರೂ ಇದನ್ನು ತಮ್ಮ ತಮ್ಮ ಓಣಿಗಳಲ್ಲಿ ಕಣ್ಣಾರೆ ಕಂಡಿದ್ದಾರೆ.

ಲಕ್ವಾದಲ್ಲಿ ಪೆಟ್ಟು ಬೀಳುವದು ಮಿದುಳಿಗೆ. ರಕ್ತನಾಳ ಕಟ್ಟಿಕೊಂಡೋ ಒಡೆದೋ ಮಿದುಳಿನ ಒಂದು ಭಾಗ ಸತ್ತಾಗ, ಅದರ ಅಪ್ಪಣೆಗೆ ಕಾಯುತ್ತಿದ್ದ ಕೈಕಾಲು ಸುಮ್ಮನಾಗುತ್ತವೆ. ಸತ್ತ ಭಾಗ ಮರಳಿ ಬಾರದು. ಆದರೆ ಉಳಿದ ಮಿದುಳು ಅದರ ಕೆಲಸದಲ್ಲಿ ಒಂದಿಷ್ಟನ್ನು ಕಲಿತುಕೊಳ್ಳಬಲ್ಲದು. ಹೊಸ ಹುಡುಗ ಮಗ್ಗ ಕಲಿಯುವಂತೆ ಅದೂ ಮಾಡಿ ಮಾಡಿಯೇ ಕಲಿಯುತ್ತದೆ. ಮೊದಲ ಮೂರು ತಿಂಗಳು ಈ ಕಲಿಕೆ ಬಲು ಚುರುಕು. ಆರು ತಿಂಗಳ ಹೊತ್ತಿಗೆ ನಿಧಾನವಾಗುತ್ತದೆ. ಬಾಗಿಲು ಪೂರ್ತಿ ಮುಚ್ಚುವದಂತೂ ಇಲ್ಲ. ಆ ಮೊದಲ ತಿಂಗಳುಗಳನ್ನು ಬರೀ ಎಣ್ಣೆ ತಿಕ್ಕಿಸಿಕೊಳ್ಳುತ್ತ ಮಲಗಿ ಕಳೆದರೆ ಮೈಗೆ ಹಿತವೆನಿಸೀತು, ನಡಿಗೆ ಬಾರದು.

ಫಿಜಿಯೋಥೆರಪಿ ಎಂದರೆ ಈ ಕಲಿಕೆಯನ್ನು ಕ್ರಮವಾಗಿ ನಡೆಸುವ ವಿದ್ಯೆ. ಮೊದಲು ಮಂಚದ ಅಂಚಿನಲ್ಲಿ ಆಧಾರವಿಲ್ಲದೆ ಕೂಡ್ರುವದು, ಆಮೇಲೆ ಕುರ್ಚಿಯಿಂದ ಏಳುವದು, ಸೋತ ಕಾಲಿನ ಮೇಲೆ ಭಾರ ಹಾಕುವದು, ಒಂದು ಹೆಜ್ಜೆ, ಎರಡು ಹೆಜ್ಜೆ, ಕೊನೆಗೆ ಮೆಟ್ಟಿಲು. ರೋಗಿ ಭಯದಿಂದ ಎಲ್ಲ ಭಾರವನ್ನೂ ಗಟ್ಟಿ ಕಾಲಿನ ಮೇಲೆ ಹೊರಿಸುತ್ತಾನೆ. ಮೈಯ ತೋಲ ತಪ್ಪುತ್ತದೆ. ಒಮ್ಮೆ ಬಿದ್ದು ಸೊಂಟದ ಎಲುಬು ಮುರಿದರೆ ಮತ್ತೆ ಹಾಸಿಗೆಯೇ ಗತಿ. ಕೋಲನ್ನು ಗಟ್ಟಿ ಇರುವ ಕೈಯಲ್ಲಿ ಹಿಡಿಯಬೇಕು. ಪಾದ ಜೋಲುತ್ತಿದ್ದರೆ ಪಟ್ಟಿ ಬೇಕು. ಸೋತ ಕೈಯನ್ನು ಹಿಡಿದು ಜಗ್ಗಿ ಎಬ್ಬಿಸಿದರೆ ಹೆಗಲ ಕೀಲು ಕೆಟ್ಟು ತಿಂಗಳುಗಟ್ಟಲೆ ನೋವು. ಅತಿ ಅವಸರವೂ ಸಲ್ಲದು. ಐದು ದೇಶಗಳ 2104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ 24 ತಾಸಿನೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ನಡೆಸಿದವರ ಸ್ಥಿತಿ ಉಳಿದವರಿಗಿಂತ ಹಿಂದೆ ಬಿದ್ದದ್ದು ಕಂಡುಬಂತು. ಯಾವಾಗ, ಎಷ್ಟು, ಹೇಗೆ ಎಂಬುದನ್ನು ಗೊತ್ತು ಮಾಡಲು ಬಲ್ಲವರೇ ಬೇಕು.

ಮನೆಯವರ ಹೆಗಲಿಗೆ ಹಾಕಿದರೆ ಸಾಕೆ?

“ಮನೆಯವರಿಗೇ ವ್ಯಾಯಾಮ ಕಲಿಸಿಬಿಟ್ಟರಾಯಿತು, ಹಳ್ಳಿಹಳ್ಳಿಗೆ ತಜ್ಞರೇಕೆ?” ಎಂದು ಕೇಳುವವರಿದ್ದಾರೆ. ಈ ಉಪಾಯವನ್ನು ನಮ್ಮ ದೇಶದಲ್ಲಿಯೇ ಪರೀಕ್ಷಿಸಿ ನೋಡಲಾಗಿದೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ತೆಗೆದುಕೊಂಡು, ಅರ್ಧದಷ್ಟು ಜನರ ಮನೆಯವರಿಗೆ ತರಬೇತಿ ಕೊಟ್ಟು ಕಳಿಸಿದರು. ಫಲಿತಾಂಶ 2017ರಲ್ಲಿ ಹೊರಬಿತ್ತು. ಆರು ತಿಂಗಳ ನಂತರ ನೋಡಿದರೆ ತರಬೇತಿ ಪಡೆದ ಮನೆಗಳಲ್ಲಿಯೂ ಪಡೆಯದ ಮನೆಗಳಲ್ಲಿಯೂ ನೂರಕ್ಕೆ 47 ರೋಗಿಗಳು ಒಂದೋ ತೀರಿಕೊಂಡಿದ್ದರು, ಇಲ್ಲವೇ ಪರಾಧೀನರಾಗಿ ಉಳಿದಿದ್ದರು. ವ್ಯಾಯಾಮ ವ್ಯರ್ಥವೆಂದು ಇದರ ಅರ್ಥ ಮಾಡಬಾರದು. ಬಲ್ಲವರ ಕೈ ಮಾಡಬೇಕಾದ ಕೆಲಸವನ್ನು ಹೆಂಡತಿಯ, ತಾಯಿಯ, ಸೊಸೆಯ ಹೆಗಲಿಗೆ ಜಾರಿಸಿ ಸರಕಾರ ಕೈ ತೊಳೆದುಕೊಳ್ಳುವಂತಿಲ್ಲ ಎಂದೇ ನಾವು ಇದನ್ನು ಓದಿಕೊಳ್ಳುತ್ತೇವೆ. ಆ ಹೆಗಲ ಮೇಲೆ ಈಗಾಗಲೇ ಒಲೆ, ನೀರು, ಕೂಲಿ ಮೂರೂ ಇವೆ.

26 ಕಿಲೋಮೀಟರಿನ ಅಂತರ

ಬೆಳಗಾವಿಯಲ್ಲಿ ವಿದ್ಯೆಗೆ ಕೊರತೆಯಿಲ್ಲ. 1963ರಿಂದ ಇಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವಿದೆ. ಸರಕಾರಿ ವೈದ್ಯಕೀಯ ಸಂಸ್ಥೆಯೂ ಜಿಲ್ಲಾ ಆಸ್ಪತ್ರೆಯೂ ಇವೆ. ಫಿಜಿಯೋಥೆರಪಿಯನ್ನೇ ಕಲಿಸುವ ಕೆ.ಎಲ್.ಇ. ಸಂಸ್ಥೆಯ ಕಾಲೇಜೂ ಇದೆ. ಖಾನಾಪುರ ಇಲ್ಲಿಂದ ಸುಮಾರು 26 ಕಿಲೋಮೀಟರು. ನಕಾಶೆಯ ಮೇಲೆ ಇದೇನು ದೂರವಲ್ಲ. ಆದರೆ ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ ಬೆಳಗಾವಿಗೆ ಬಂದು ಹೋಗಬೇಕೆಂದರೆ 36 ದಿನ. ರೋಗಿಯ ದುಡಿಮೆ ಮೊದಲೇ ನಿಂತಿದೆ; ಜೊತೆಗೆ ಬಂದವರ 36 ದಿನದ ಕೂಲಿಯೂ ಹೋಯಿತು. 2023ರ ಶಕ್ತಿ ಯೋಜನೆಯಿಂದ ಹೆಂಡತಿಗೆ ಬಸ್ಸಿನ ಟಿಕೇಟು ಬೇಕಿಲ್ಲ, ಸರಿ; ಕೂಲಿ ತುಂಬಿ ಕೊಡುವವರು ಯಾರು? ಅರ್ಧ ಮೈ ಸೋತವನು ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವದು ಹೇಗೆ? ನಡೆಯಲು ಕಲಿಯುವ ಮೊದಲೇ ನಡೆದು ಬಾ ಎಂದು ಹೇಳಿದಂತಾಯಿತು.

ಇದು ಖಾನಾಪುರ ಪೇಟೆಯವರ ಮಾತು. ಜಾಂಬೋಟಿ, ಕಣಕುಂಬಿಗಳ ಕಡೆಯ ಕಾಡಿನ ಹಳ್ಳಿಗಳಲ್ಲಿ ಮಳೆಗಾಲದ ಪರಿಸ್ಥಿತಿಯೇ ಬೇರೆ. 2024ರ ಮಳೆಗಾಲದಲ್ಲಿಯೂ ಆಮಗಾಂವದಿಂದ ರೋಗಿಯೊಬ್ಬರನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಕಾಡು ದಾಟಿಸಬೇಕಾಯಿತು. ಅಂಥ ಊರಿನವರಿಗೆ ವಾರಕ್ಕೆ ಮೂರು ಸಲ ನಗರಕ್ಕೆ ಬರಹೇಳುವದು ಕ್ರೂರ ಚೇಷ್ಟೆಯಲ್ಲದೆ ಮತ್ತೇನು?

ಕಾರ್ಮಿಕ ಬಂಧುಗಳು ಇನ್ನೊಂದು ವಿಷಯ ತಿಳಿದಿರಬೇಕು. 1948ರ ಕಾಯಿದೆಯಿಂದ ಹುಟ್ಟಿದ ರಾಜ್ಯ ವಿಮಾ ಯೋಜನೆಯಲ್ಲಿ, ಇ.ಎಸ್.ಐ.ಯಲ್ಲಿ, ದೀರ್ಘ ರೋಗಗಳ ಯಾದಿಯೊಳಗೆ ಅರ್ಧಾಂಗವಾಯುವೂ ಇದೆ. ಎರಡು ವರ್ಷ ಸತತ ಉದ್ಯೋಗದಲ್ಲಿದ್ದು ವಂತಿಗೆಯ ಶರತ್ತು ಪೂರೈಸಿದವನಿಗೆ ಪಗಾರದ ನೂರಕ್ಕೆ 80ರಂತೆ ಗರಿಷ್ಠ ಎರಡು ವರ್ಷದವರೆಗೆ ಭತ್ತೆ ಸಿಗುತ್ತದೆ. ಇದನ್ನರಿಯದೆ ರಾಜೀನಾಮೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೂಡ್ರಬೇಡಿರಿ. ಆದರೆ ವಡಗಾಂವ, ಖಾಸಬಾಗಗಳಲ್ಲಿ ನಾಲ್ಕಾರು ಜನ ದುಡಿಯುವ ಮಗ್ಗದ ಮನೆಗಳು ಈ ಯೋಜನೆಯ ಹೊರಗೇ ಉಳಿಯುತ್ತವೆ. ಕಿರಾಣಿ ಅಂಗಡಿಯವನಿಗೆ, ಕೈಗಾಡಿಯವನಿಗೆ ಅಂಥ ಭತ್ತೆಯೇ ಇಲ್ಲ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಹಣ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿರುವವರೆಗೆ. ಎದ್ದು ನಡೆಯುವ ತಿಂಗಳುಗಳ ಖರ್ಚು ಮನೆಯವರದೇ.

ಹಣವಿಲ್ಲವೆಂಬ ನೆವ ನಡೆಯದು. ಈ ಚಿಕಿತ್ಸೆಗೆ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಒಂದು ಕೋಣೆ, ಒಂದು ಚಾಪೆ, ಒಂದು ಕನ್ನಡಿ, ಹಿಡಿದು ನಡೆಯಲು ಎರಡು ಕಂಬಿ, ಮೂರು ಮೆಟ್ಟಿಲು ಇದ್ದರೆ ಆರಂಭಿಸಬಹುದು. ಕಂಬಿಗಳನ್ನು ಉದ್ಯಮಬಾಗದ ಫಿಟ್ಟರನೊಬ್ಬ ಒಂದು ದಿನದಲ್ಲಿ ಬೆಸೆದು ಕೊಟ್ಟಾನು. ಬೇಕಾದದ್ದು ಕಲಿತವರು, ಅವರಿಗೆ ತಪ್ಪದ ಪಗಾರ.

ನಮ್ಮ ಬೇಡಿಕೆಗಳು

ಒಂದು: ಖಾನಾಪುರವೂ ಸೇರಿ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟರ ಖಾಯಂ ಹುದ್ದೆ ಇರಬೇಕು, ಅದು ಖಾಲಿ ಬೀಳಬಾರದು. ಎರಡು: ಗೊತ್ತಾದ ವಾರದಂದು ಅವರು ಜಾಂಬೋಟಿ, ಲೋಂಡಾ, ನಂದಗಡದಂಥ ಊರುಗಳಿಗೆ ಹೋಗಬೇಕು, ಏಳಲಾರದವರನ್ನು ಮನೆಯಲ್ಲಿಯೇ ನೋಡಬೇಕು. ಮೂರು: ಆಸ್ಪತ್ರೆಯಿಂದ ಕಳಿಸುವಾಗ ಮುಂದಿನ ಮೂರು ತಿಂಗಳ ವ್ಯಾಯಾಮದ ಏರ್ಪಾಟು ಕಾಗದದ ಮೇಲಿರಬೇಕು, ಅದರ ಖರ್ಚು ಸರಕಾರದ್ದಾಗಬೇಕು. ನಾಲ್ಕು: ಸಣ್ಣ ಮಗ್ಗದ ಮನೆಗಳ ಕೆಲಸಗಾರರಿಗೂ ಬೀದಿ ವ್ಯಾಪಾರಸ್ಥರಿಗೂ ರೋಗಕಾಲದ ಭತ್ತೆ ವಿಸ್ತರಿಸಬೇಕು.

ವಾಚಕರಿಗೂ ಒಂದು ಮಾತು. ರಕ್ತದೊತ್ತಡವನ್ನು ಆಗಾಗ ತಪಾಸಿಸಿಕೊಳ್ಳಿರಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಳೆಗೆಂದು ಕಾಯದೆ ಆಗಿಂದಾಗಲೇ ದೊಡ್ಡ ಆಸ್ಪತ್ರೆಗೆ ಧಾವಿಸಿರಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಕ್ಕೆ ನಾಲ್ಕೂವರೆ ತಾಸಿನ ಗಡುವಿದೆ. ಆಮೇಲಿನ ನಡಿಗೆಯನ್ನು ದೈವಕ್ಕೆ ಬಿಡಬೇಡಿರಿ. ಕಾರ್ಮಿಕ ಸಂಘಗಳೂ ವ್ಯಾಪಾರಸ್ಥರ ಸಂಘಗಳೂ ಈ ಬೇಡಿಕೆಗಳನ್ನು ತಮ್ಮ ಮುಂದಿನ ಸಭೆಯಲ್ಲಿ ಠರಾವು ಮಾಡಿ ಜಿಲ್ಲಾ ಪಂಚಾಯತಿಗೆ ಕಳಿಸಬೇಕು. ಉತ್ತರ ಬರುವವರೆಗೆ ಬೆನ್ನು ಬಿಡಬಾರದು.