ಕವಚ ನಮ್ಮ ಲೈನಿಗೇ ಮೊದಲು ಬಂತು, ವಾಕಿಟಾಕಿ ಕಥೆ ಏನು?

ಬೀದರ: ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದರೆ ಡ್ರೈವರ್ ಬ್ರೇಕ್ ಹಾಕುತ್ತಾನೆ. ಇಬ್ಬರ ನಡುವೆ ಮೂವತ್ತು ಅಡಿ ದೂರ. ಸೀಟಿ ಕೇಳದಿದ್ದರೆ ಹಿಂದಿನ ಸೀಟಿನವರು ಕೂಗ್ತಾರೆ, ಅದೂ ಆಗದಿದ್ದರೆ ತಗಡು ಬಡೀತಾರೆ. ರೈಲಿನಲ್ಲಿ ಹಾಗಲ್ಲ. ಐವತ್ತೆಂಟು ಡಬ್ಬಿಯ ಗೂಡ್ಸ್ ಗಾಡಿಯಲ್ಲಿ ಮುಂದೆ ಡ್ರೈವರ್, ಹಿಂದೆ ಗಾರ್ಡ್. ನಡುವೆ ಆರುನೂರು ಮೀಟರಿಗೂ ಮೀರಿದ ಉದ್ದ. ಇಬ್ಬರನ್ನೂ ಮಾತಿನಲ್ಲಿ ಜೋಡಿಸೋದು ಒಂದೇ ಒಂದು ಸಾಮಾನು. ಅದೇ ವಾಕಿಟಾಕಿ.

ಈ ಸೆಟ್ಟು ಇಲ್ಲದ ಕಾಲವೂ ಇತ್ತು. ಸ್ಟೇಷನ್ ಹತ್ತಿರದ ಚಹಾದಂಗಡಿಯಲ್ಲಿ ಸಂಜೆ ಹೊತ್ತು ಕೂಡುವ ನಿವೃತ್ತ ಗಾರ್ಡ್ ಸಾಹೇಬರೊಬ್ಬರಿದ್ದಾರೆ. ಅವರನ್ನು ಕೇಳಿದೆ. “ನಮ್ಮ ಕಾಲದಾಗ ಏನಿತ್ರಿ? ಕೆಂಪು ಝಂಡಾ, ಹಸಿರು ಝಂಡಾ, ಕೈಯಾಗ ಲಾಟೀನು, ಪೆಟ್ಟಿಗಿಯಾಗ ಪಟಾಕಿ. ಗಾಡಿ ನಡುದಾರಿಯಾಗ ನಿಂತ್ರ ಹಿಂದಕ್ಕ ನಡೀಬೇಕು” ಅಂದರು. ಪಟಾಕಿ ಅಂದರೆ ದೀಪಾವಳಿಯದ್ದಲ್ಲ. ಹಳಿಯ ಮೇಲೆ ಕಟ್ಟುವ ಡಬ್ಬಿ. ಗಾಲಿ ಹತ್ತಿದರೆ ಢಂ ಅನ್ನುತ್ತದೆ, ಹಿಂದೆ ಬರೋ ಡ್ರೈವರ್ ಎಚ್ಚರಾಗ್ತಾನೆ. ದೊಡ್ಡ ಹಳಿಯ ಲೈನಿನಲ್ಲಿ 600 ಮೀಟರಿಗೆ ಒಂದು, 1200 ಮೀಟರಿಗೆ ಮೂರು ಇಡಬೇಕು ಅಂತ ನಿಯಮ. ಮಳೆಯಿರಲಿ, ಅಮಾವಾಸ್ಯೆ ಕತ್ತಲಿರಲಿ, ಗಾರ್ಡ್ ಒಬ್ಬನೇ ಜಲ್ಲಿ ತುಳಿದು ನಡೀಬೇಕು. ಕಂಟ್ರೋಲಿಗೆ ಸುದ್ದಿ ಮುಟ್ಟಿಸಬೇಕಾದರೆ ಬ್ರೇಕ್‌ವ್ಯಾನಿನಲ್ಲಿದ್ದ ಫೋನ್ ಪೆಟ್ಟಿಗೆ ತೆಗೆದು, ಉದ್ದನೆ ಕೋಲಿನಿಂದ ಕಂಬದ ತಂತಿಗೆ ಕೊಕ್ಕೆ ಸಿಕ್ಕಿಸಬೇಕು. ಗಾಳಿ ಬೀಸಿದರೆ ಕೊಕ್ಕೆ ಜಾರೋದು.

ಆಮೇಲೆ ಬಂತು ಐದು ವಾಟಿನ ಕೈಸೆಟ್ಟು, ಸ್ಟೇಷನ್ ಮಾಸ್ತರ ಮೇಜಿನ ಮೇಲೆ ಇಪ್ಪತ್ತೈದು ವಾಟಿನ ದೊಡ್ಡ ಸೆಟ್ಟು. ಒಂದೆರಡು ಕಿಲೋಮೀಟರ್, ಬಯಲಿದ್ದರೆ ಇನ್ನಷ್ಟು ದೂರ ಮಾತು ಹೋಗುತ್ತದೆ. ಡಬ್ಬಿಯ ಗಾಲಿ ಬಿಸಿಯಾಗಿ ಹೊಗೆ ಬಂದರೆ ಗಾರ್ಡ್ ಹೇಳ್ತಾನೆ, ಡ್ರೈವರ್ ನಿಲ್ಲಿಸ್ತಾನೆ. ಇದು ಎಷ್ಟು ಮಾಮೂಲಿ ಆಯ್ತೆಂದರೆ, ಅದು ಇದೆಯೋ ಇಲ್ಲವೋ ಅಂತ ಕೇಳೋರೇ ಇಲ್ಲದಾದರು.

ಕೇಳದಿದ್ದರೆ ಏನಾಗುತ್ತದೆ ಅಂತ ತಿಳಿಯಲು ಬಂಗಾಳದ ಕಡೆ ನೋಡಬೇಕು. 2024ರ ಜೂನ್ 17. ರಂಗಾಪಾನಿ ಮತ್ತು ಚತ್ತರ್ ಹಾಟ್ ಸ್ಟೇಷನ್‌ಗಳ ನಡುವೆ ಮುಂಜಾನೆಯಿಂದಲೇ ಆಟೋಮ್ಯಾಟಿಕ್ ಸಿಗ್ನಲ್ ಕೆಟ್ಟಿತ್ತು. ಕೆಂಪು ದೀಪ ದಾಟಿ ಹೋಗಬಹುದು ಅಂತ ಡ್ರೈವರ್‌ಗಳಿಗೆ ಕಾಗದ ಕೊಟ್ಟು ಗಾಡಿ ಬಿಡುತ್ತಿದ್ದರು. ಕಾಂಚನಜುಂಗಾ ಎಕ್ಸ್‌ಪ್ರೆಸ್ ಮುಂದೆ ಹೋಯಿತು, ಹಿಂದಿನಿಂದ ಗೂಡ್ಸ್ ಗಾಡಿ ಬಂದು ಗುದ್ದಿತು. ಹತ್ತು ಜನ ಸತ್ತರು, ಗೂಡ್ಸ್ ಡ್ರೈವರನೂ ಸತ್ತ. ಹೆಣ ತಣ್ಣಗಾಗುವ ಮುಂಚೆಯೇ, ಅದೇ ದಿನ, ಸಿಗ್ನಲ್ ಲೆಕ್ಕಿಸದೆ ಬಂದ ಅಂತ ಸತ್ತವನ ತಲೆಗೇ ತಪ್ಪು ಕಟ್ಟಿದರು. ಸತ್ತವನು ಎದ್ದು ಬಂದು ಜವಾಬು ಕೊಡ್ತಾನೆಯೇ?

ಜವಾಬು ಬಂದದ್ದು ರೈಲ್ವೆ ಸುರಕ್ಷತಾ ಆಯುಕ್ತರ ವರದಿಯಿಂದ. ಸಿಗ್ನಲ್ ಕೆಟ್ಟಾಗ ಗಾಡಿ ಹೇಗೆ ನಡೆಸಬೇಕು ಅಂತ ಡ್ರೈವರ್‌ಗಳಿಗೂ ಸ್ಟೇಷನ್ ಮಾಸ್ತರರಿಗೂ ಸರಿಯಾಗಿ ತಿಳಿಹೇಳಿರಲಿಲ್ಲ, ತಪ್ಪು ಒಬ್ಬನದಲ್ಲ, ಹಲವು ಹಂತದ್ದು ಅಂತ ಅದು ಹೇಳಿತು. ಅದರಲ್ಲೇ ಇನ್ನೊಂದು ಮಾತು: ವಾಕಿಟಾಕಿಯಂಥ ಅಗತ್ಯದ ಸಾಮಾನು ಸಿಬ್ಬಂದಿಗೆ ಸಿಕ್ಕಿರಲಿಲ್ಲ. 2024ನೇ ಇಸವಿಯಲ್ಲಿ, ಚಂದ್ರನ ಮೇಲೆ ಯಂತ್ರ ಇಳಿಸಿದ ದೇಶದಲ್ಲಿ, ಮದುವೆ ಹಾಲಿನ ಸೆಕ್ಯೂರಿಟಿಯವನ ಸೊಂಟದಲ್ಲೂ ಇರುವ ಸೆಟ್ಟು ಗೂಡ್ಸ್ ಗಾಡಿಯಲ್ಲಿ ಇರಲಿಲ್ಲ!

ಇದು ಬಂಗಾಳದ ಸುದ್ದಿ, ಬೀದರಿಗೇನು ಸಂಬಂಧ ಅಂತ ಗಲ್ಲೆ ಮೇಲೆ ಕೂತವರು ಕೇಳಬಹುದು. ಸಂಬಂಧ ಇದೆ. ಇಂಥ ಡಿಕ್ಕಿ ತಪ್ಪಿಸಲೆಂದೇ ಮಾಡಿದ ‘ಕವಚ’ ಎಂಬ ಹೊಸ ರೇಡಿಯೋ ವ್ಯವಸ್ಥೆಯ ಪರೀಕ್ಷೆ ನಡೆದದ್ದೇ ನಮ್ಮ ಲೈನಿನಲ್ಲಿ. ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ ಲೈನು, ಮತ್ತು ವಿಕಾರಾಬಾದಿನಿಂದ ಬೀದರಿಗೆ ಬರುವ ಲೈನು, ಒಟ್ಟು 250 ಕಿಲೋಮೀಟರ್. 2016ರ ಫೆಬ್ರವರಿಯಲ್ಲಿ ಪ್ಯಾಸೆಂಜರ್ ಗಾಡಿಗಳ ಮೇಲೆ ಮೊದಲ ಪ್ರಯೋಗ ಶುರುವಾಯ್ತು. ಆಗ ಆ ಗಾಡಿಯಲ್ಲಿ ಹೈದರಾಬಾದಿಗೆ ಹೋಗಿಬಂದ ನಮ್ಮ ಜನಕ್ಕೆ ತಾವು ಪ್ರಯೋಗದೊಳಗೆ ಕೂತಿದ್ದೇವೆ ಅಂತ ಗೊತ್ತಿತ್ತೋ ಇಲ್ಲವೋ. ಕಡ್ಲಿ ತಿಂದು, ನಿದ್ದೆ ಮಾಡಿ, ಇಳಿದು ಹೋದರು. 2020ರ ಜುಲೈನಲ್ಲಿ ಇದನ್ನೇ ಇಡೀ ದೇಶದ ವ್ಯವಸ್ಥೆ ಅಂತ ಒಪ್ಪಿಕೊಂಡರು.

ಕೆಲಸ ಮಾಡೋದು ಹೇಗೆ? ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ತಿಳಿದಷ್ಟು ಹೇಳ್ತೇನೆ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಇದೆಯಲ್ಲ, ಅದೇ ಜಾತಿಯ ಚಿಪ್ಪನ್ನು ಹಳಿಯ ನಡುವೆ ಸ್ಲೀಪರ್ ಮೇಲೆ ಅಲ್ಲಲ್ಲಿ ಕೂಡಿಸಿರುತ್ತಾರೆ. ಎಂಜಿನ್ ಅದರ ಮೇಲೆ ಹಾದಾಗ ತಾನು ಎಲ್ಲಿದ್ದೇನೆ ಅಂತ ತಿಳಿಯುತ್ತದೆ. ಸ್ಟೇಷನ್ ಪಕ್ಕದ ಎತ್ತರದ ಟವರ್ ಜತೆ ಎಂಜಿನ್ ರೇಡಿಯೋದಲ್ಲೇ ಮಾತಾಡುತ್ತದೆ. ಮುಂದೆ ಕೆಂಪು ಇದೆ ಅಂತ ಟವರ್ ಹೇಳಿದ ಮೇಲೂ ಡ್ರೈವರ್ ವೇಗ ಇಳಿಸದಿದ್ದರೆ ಯಂತ್ರವೇ ಬ್ರೇಕ್ ಹಾಕುತ್ತದೆ. ಲೆವೆಲ್ ಕ್ರಾಸಿಂಗ್ ಬಂದರೆ ತಾನೇ ಸೀಟಿ ಹೊಡೆಯುತ್ತದೆ. 2022ರ ಮಾರ್ಚ್ 4ರಂದು ರೈಲ್ವೆ ಮಂತ್ರಿ ಅಶ್ವಿನಿ ವೈಷ್ಣವ್ ಇದೇ ವಿಕಾರಾಬಾದ್ ಕಡೆ, ಗುಲ್ಲಗುಡ ಮತ್ತು ಚಿಟಗಿಡ್ಡ ನಡುವೆ, ಸ್ವತಃ ಎಂಜಿನ್ ಹತ್ತಿ ನೋಡಿದರು. ಎದುರಿಗಿದ್ದ ಎಂಜಿನ್‌ಗೆ 380 ಮೀಟರ್ ಇರುವಾಗಲೇ ಗಾಡಿ ತಾನಾಗಿ ನಿಂತಿತು.

ಮೆಚ್ಚಬೇಕಾದ ಕೆಲಸವೇ. ಆದರೆ ಇದರಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ಮೊದಲು ರೇಡಿಯೋ ಅಂದರೆ ಮನುಷ್ಯ ಮನುಷ್ಯನ ಜತೆ ಮಾತಾಡೋದು. ಈಗ ಯಂತ್ರ ಯಂತ್ರದ ಜತೆ ಮಾತಾಡುತ್ತದೆ. ಯಂತ್ರಕ್ಕೆ ನಿದ್ದೆ ಬರೋದಿಲ್ಲ, ಇದು ಒಳ್ಳೆಯದು. ಅದರ ರೇಟೂ ಯಂತ್ರದ ರೇಟೇ. ಹಳಿಗೆ ಕಿಲೋಮೀಟರಿಗೆ ಸುಮಾರು 50 ಲಕ್ಷ, ಎಂಜಿನ್ ಒಂದಕ್ಕೆ 80 ಲಕ್ಷ ಅಂತ ಸರಕಾರದ್ದೇ ಲೆಕ್ಕ. ದೇಶದ ರೈಲು ದಾರಿ 68 ಸಾವಿರ ಕಿಲೋಮೀಟರಿಗೂ ಹೆಚ್ಚು. ಮೊದಲ ಪಾಳಿ ದಿಲ್ಲಿ–ಮುಂಬಯಿ, ದಿಲ್ಲಿ–ಹೌರಾ ಲೈನುಗಳದ್ದು. ಸುಧಾರಿಸಿದ ಕವಚ 4.0 ಮಥುರಾ–ಕೋಟಾ ನಡುವೆ ಚಾಲೂ ಆದದ್ದು 2025ರ ಜುಲೈನಲ್ಲಿ. ಉಳಿದ ಲೈನುಗಳ ಪಾಳಿ ಬರುವ ತನಕ ಗಾಡಿ ನಿಲ್ಲಿಸಿಡೋಕೆ ಆಗುತ್ತದೆಯೇ? ಅಲ್ಲೆಲ್ಲ ಕಾಪಾಡಬೇಕಾದದ್ದು ಹಳೇ ಸಿಗ್ನಲ್, ಹಳೇ ನಿಯಮ, ಇಬ್ಬರ ಕೈಯಲ್ಲಿನ ಎರಡು ಸೆಟ್ಟು.

ಕವಚ ಇದ್ದರೆ ಎಲ್ಲ ಬಗೆಹರೀತು ಅನ್ನೋರಿಗೂ ಒಂದು ಮಾತು. 2023ರ ಜೂನ್ 2ರಂದು ಒಡಿಶಾದ ಬಹಾನಗಾ ಬಜಾರಿನಲ್ಲಿ 290ಕ್ಕೂ ಹೆಚ್ಚು ಜನ ಸತ್ತರಲ್ಲ, ಅಲ್ಲಿ ತಪ್ಪು ಇದ್ದದ್ದು ಸಿಗ್ನಲ್ ವೈರಿಂಗಿನಲ್ಲಿ. ಡ್ರೈವರ್‌ಗೆ ಕಂಡದ್ದು ಹಸಿರು ದೀಪ. ವೈರೇ ಸುಳ್ಳು ಹೇಳಿದರೆ ರೇಡಿಯೋ ಸಾಗಿಸೋದೂ ಅದೇ ಸುಳ್ಳನ್ನೇ.

ಭರವಸೆಗೇನೂ ಬರ ಇಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ರೈಲ್ವೆಗೆ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ತನ್ನದೇ ತರಂಗ ಕೊಟ್ಟಿತು. ಡ್ರೈವರ್, ಗಾರ್ಡ್, ಸ್ಟೇಷನ್ ಮಾಸ್ತರ್, ಕಂಟ್ರೋಲ್ ಎಲ್ಲರೂ ಒಂದೇ ಜಾಲದಲ್ಲಿ ಕಡಿಯದೆ ಮಾತಾಡಬಹುದು, 25 ಸಾವಿರ ಕೋಟಿಗೂ ಹೆಚ್ಚು ಖರ್ಚು, ಐದು ವರ್ಷದಲ್ಲಿ ಮುಗಿಸ್ತೀವಿ ಅಂದರು. 2022ರ ಜನವರಿಯಲ್ಲಿ ಗಾರ್ಡ್ ಹುದ್ದೆಗೆ ‘ಟ್ರೇನ್ ಮ್ಯಾನೇಜರ್’ ಅಂತ ಹೊಸ ಹೆಸರನ್ನೂ ಇಟ್ಟರು. ಹೆಸರಿಗೆ ಖರ್ಚಿಲ್ಲ, ಆದ್ದರಿಂದ ಅದು ಕೂಡಲೇ ಜಾರಿಗೆ ಬಂತು. ಇದನ್ನು ಹೇಳಿದಾಗ ನಮ್ಮ ಗಾರ್ಡ್ ಸಾಹೇಬರು ನಕ್ಕರು. “ಮ್ಯಾನೇಜರ್ ಆದ್ರೂ ಬ್ಯಾಟರಿ ಚಾರ್ಜ್ ಆಗಬೇಕಲ್ರಿ” ಅಂದು ಚಹಾದ ದುಡ್ಡು ತಾವೇ ಕೊಟ್ಟರು.

ಸಿಕಂದರಾಬಾದಿನ ಡಿಆರ್‌ಎಂ ಸಾಹೇಬರು ಬೀದರಿಗೆ ಬಂದಾಗಲೆಲ್ಲ ನಮ್ಮ ವ್ಯಾಪಾರಿ ಮುಖಂಡರು ಹಾರ ಹಾಕಿ ಹೊಸ ಗಾಡಿ ಬೇಕು, ಹೆಚ್ಚಿನ ಬೋಗಿ ಬೇಕು ಅಂತ ಮನವಿ ಕೊಡುವುದು ರೂಢಿ. ಕೊಡಲಿ. ಮುಂದಿನ ಸಲ ಅದೇ ಕಾಗದದ ಕೆಳಗೆ ಇನ್ನೆರಡು ಸಾಲು ಬರೀಲಿ: ಬೀದರ ಸ್ಟೇಷನ್ ದಾಟುವ ಎಷ್ಟು ಗೂಡ್ಸ್ ಗಾಡಿಗಳಲ್ಲಿ ಇಬ್ಬರ ಕೈಯಲ್ಲೂ ಕೆಲಸ ಮಾಡುವ ವಾಕಿಟಾಕಿ ಇದೆ? ಇಲ್ಲದಿದ್ದರೆ ಗಾಡಿ ಬಿಡೋಕೆ ಸಹಿ ಹಾಕೋರು ಯಾರು?