ಬುತ್ತಿ ಹಿಡಿದು ಹೊರಟವರು

ಕಳೆದ ಶ್ರಾವಣದಲ್ಲಿ ನಾವು ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಅಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದಿದ್ದ ಅವರು ಕೆಲಸ ಹೋಗಿ ಎರಡು ತಿಂಗಳಾದರೂ ಮನೆಯಲ್ಲಿ ತಿಳಿಸದೆ ದಿನವೂ ಬುತ್ತಿ ಹಿಡಿದು ಹೊರಡುತ್ತಿದ್ದರು. ನಮ್ಮೆದುರೇ ಅದು ಹೊರಬಿದ್ದಿತು. ಸಂಬಳ ಹೋದುದಕ್ಕಿಂತ ಮುಚ್ಚಿಟ್ಟುದೇ ಆ ತಾಯಿಗೆ ಹೆಚ್ಚು ನೋವಾಯಿತು.

ಉದ್ಯೋಗ ಮಾರ್ಗದರ್ಶಕರೊಬ್ಬರನ್ನು ಕಾಣಿರೆಂದು ಹೇಳಿ ಬಂದೆವು; ನಮಗೂ ಅದರಲ್ಲಿ ಅಷ್ಟು ನಂಬಿಕೆ ಇರಲಿಲ್ಲ. "ನಿಮಗೆ ಏನೇನು ಬರುತ್ತದೆ?" ಎಂದು ಕೇಳಿದರಂತೆ. "ಕಲ್ಲಿಗೆ ಪಾಲಿಶ್, ಅಷ್ಟೇ" ಎಂದರಂತೆ ಇವರು. ಅವರು ಬಿಡಲಿಲ್ಲ. ಕಲ್ಲಿನ ಬಿರುಕನ್ನು ಮೊದಲೇ ಗುರುತಿಸುವುದು, ಯಂತ್ರ ಕೆಟ್ಟರೆ ಸರಿಪಡಿಸುವುದು, ಸ್ಲ್ಯಾಬುಗಳನ್ನು ಅಳೆದು ಬೇರ್ಪಡಿಸುವುದು, ಹೊಸಬರಿಗೆ ಕಲಿಸುವುದು, ಹೀಗೆ ಕೇಳಿ ಕೇಳಿ ಒಂದು ಪುಟ ಬರೆಯಿಸಿದರು. ಕಾಯಕದ ಮಾತನ್ನು ನಿತ್ಯವೂ ಆಡುವ ನಮ್ಮ ಮನೆಗಳಲ್ಲಿ, ಮಾಡುವ ಕಾಯಕವನ್ನು ಬಿಡಿಸಿ ಹೇಳಲು ಬಾರದಿರುವುದು ಸೋಜಿಗವೇ ಸರಿ.

ಆ ಪುಟ ಹಿಡಿದು ಅಲೆದವರಿಗೆ ಬೊಮ್ಮಸಂದ್ರದ ಕಡೆ ಗುಣಮಟ್ಟ ಪರೀಕ್ಷಿಸುವ ಕೆಲಸ ದೊರೆಯಿತು. ಸಂಬಳ ತುಸು ಕಡಿಮೆ.

ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಕೆಲಸ ಅರಸುವವರು ಉಚಿತವಾಗಿ ಹೆಸರು ನೋಂದಾಯಿಸಬಹುದು, ಮಾರ್ಗದರ್ಶನವೂ ಉಂಟು. ನೌಕರಿ ಕೊಡಿಸುವೆವೆಂದು ಮುಂಗಡ ಹಣ ಕೇಳುವವರ ಮಾತಿಗೆ ಮಾತ್ರ ಮರುಳಾಗದಿರಿ.