ಅವ್ವನ ಮ್ಯಾಗ್ನೆಟ್ ಗಾದಿ

ಹೋದ ತಿಂಗಳು ಊರಿಗೆ ಹೋದಾಗ ಪಡಸಾಲೆಯಲ್ಲಿ ಹೊಸ ಗಾದಿ ಕಂಡಿತು. ನೀಲಿ ಬಣ್ಣದ್ದು, ತೆಳ್ಳಗೆ. ಒತ್ತಿದರೆ ಒಳಗೆ ಗಟ್ಟಿ ಬಿಲ್ಲೆಗಳು ಕೈಗೆ ಸಿಗುತ್ತಿದ್ದವು.

"ಮ್ಯಾಗ್ನೆಟ್ ಗಾದಿ ಅದು. ಮೊಣಕಾಲಿಗೆ ಚಲೋ ಅಂತ" ಅಂದಳು ಅವ್ವ.

"ಎಷ್ಟು ಕೊಟ್ಟಿ ಬೇ?"

"ಹದಿನೆಂಟು."

ನೂರಲ್ಲ, ಸಾವಿರ. ಅದೂ ಸಂಘದಾಗ ಸಾಲ ತೆಗೆದು. ಮಾರಿದವರು ನಮ್ಮ ಓಣಿಯವರೇ, ನಾನು ಸಣ್ಣವನಿದ್ದಾಗಿನಿಂದ ಅಕ್ಕ ಅಂತ ಕರೆಯುವವರು. ಅವರು ಹೇಳಿದ್ದು ಇಷ್ಟು: "ರಕ್ತದಾಗ ಕಬ್ಬಿಣ ಐತಿ. ಮ್ಯಾಗ್ನೆಟ್ ಅದನ್ನ ಎಳೀತೈತಿ. ರಕ್ತ ಜೋರ್ ಓಡತೈತಿ, ನೋವು ಹೋಗತೈತಿ."

ನಾನು ನಕ್ಕುಬಿಟ್ಟೆ. ಅದು ತಪ್ಪಾಯಿತು. ಅವ್ವ ಎದ್ದು ಅಡುಗೆಮನೆಗೆ ಹೋದಳು, ಊಟದ ತನಕ ಮಾತಿಲ್ಲ. ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವ ಮಗ ನಕ್ಕರೆ ಆಕೆಯ ಮೊಣಕಾಲು ನೋವು ಕಡಿಮೆ ಆಗುತ್ತದೆಯೇ? ನಿಜ ಹೇಳಬೇಕೆಂದರೆ, "ಇದು ಸುಳ್ಳು" ಅಂತ ಗೊತ್ತಿತ್ತೇ ಹೊರತು ಯಾಕೆ ಸುಳ್ಳು ಅಂತ ಎರಡು ಮಾತಿನಲ್ಲಿ ಹೇಳಲು ನನಗೂ ಬರುತ್ತಿರಲಿಲ್ಲ. ಹಾಗಾಗಿ ಊಟ ಆದಮೇಲೆ ಆಫೀಸಿನಲ್ಲಿ ಬಗ್ ಹುಡುಕುವ ಹಾಗೇ ಶುರು ಮಾಡಿದೆ. ಒಂದೊಂದೇ ಮಾತು ಹಿಡಿದು ಪರೀಕ್ಷೆ.

ಕಬ್ಬಿಣ ಇದ್ದರೆ ಸಾಕೇ?

ಹಳೇ ಸ್ಪೀಕರ್ ಒಡೆದು ತೆಗೆದ ಚುಂಬಕ ಒಂದು ನನ್ನ ಕಪಾಟಿನಲ್ಲಿ ಇನ್ನೂ ಇತ್ತು. ಹುಡುಗರಿದ್ದಾಗ ಅದಕ್ಕೆ ದಾರ ಕಟ್ಟಿ, ಮನೆ ಕಟ್ಟಲು ತಂದು ಸುರಿದ ಮರಳಿನ ಗುಡ್ಡೆಯಲ್ಲಿ ಎಳೆಯುತ್ತಿದ್ದೆವು. ಕಪ್ಪು ಪುಡಿ ಮೀಸೆಯ ಹಾಗೆ ಅಂಟಿಕೊಳ್ಳುತ್ತಿತ್ತು. ಆ ಪುಡಿಯಲ್ಲಿ ಹೆಚ್ಚಿನದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ. 2005ರ ಕೊನೆಯ ತನಕ ಕುದುರೆಮುಖದಲ್ಲಿ ಅಗೆಯುತ್ತಿದ್ದ ಅದಿರಿನಲ್ಲೂ ಇದೇ ಇತ್ತು.

ಚುಂಬಕವನ್ನು ಅವ್ವನ ಕೈಗೇ ಕೊಟ್ಟೆ. ರೊಟ್ಟಿ ಹಂಚಿಗೆ ಹಿಡಿದಳು, ಟಪ್ ಅಂತ ಕೂತಿತು. ಸ್ಟೀಲ್ ತಾಟಿಗೆ ಹಿಡಿದಳು, ಜಾರಿ ಬಿತ್ತು.

"ತಾಟಿನಾಗ ಕಬ್ಬಿಣ ಇಲ್ಲೇನು?"

ಇದೆ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮುಕ್ಕಾಲು ಭಾಗದ ಹತ್ತಿರ ಕಬ್ಬಿಣವೇ. ಆದರೂ ಅಂಟುವುದಿಲ್ಲ. ಅಂದರೆ ಕಬ್ಬಿಣ ಇದ್ದರೆ ಸಾಲದು, ಅದು ಹೇಗೆ ಕೂತಿದೆ ಅನ್ನುವುದು ಮುಖ್ಯ.

ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೆನೆಸಿಕೊಳ್ಳಿ. ಕಬ್ಬಿಣದ ಒಂದೊಂದು ಅಣುವೂ ಒಂದು ಪುಟಾಣಿ ಚುಂಬಕ. ಹಂಚಿನ ಕಬ್ಬಿಣದಲ್ಲಿ ಇವು ಗುಂಪು ಗುಂಪಾಗಿ ಹಗ್ಗ ಹಿಡಿದು ನಿಂತಿವೆ, ಆದರೆ ಒಂದು ಗುಂಪು ಆ ಕಡೆ ಎಳೆದರೆ ಇನ್ನೊಂದು ಈ ಕಡೆ. ಹಾಗಾಗಿ ಹಂಚು ತಾನಾಗೇ ಚುಂಬಕ ಅಲ್ಲ. ಹೊರಗಿನಿಂದ ಚುಂಬಕ ಹತ್ತಿರ ಬಂದರೆ ಗುಂಪುಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ, ತೇರು ಸಾಗುತ್ತದೆ. ಸ್ಪೀಕರಿನ ಚುಂಬಕದಲ್ಲಿ ಆ ದಿಕ್ಕು ಕಾಯಂ ಆಗಿ ಗಟ್ಟಿಯಾಗಿದೆ. ಸ್ಟೀಲ್ ತಾಟಿನಲ್ಲಿ ಅಣುಗಳ ಜೋಡಣೆಯೇ ಬೇರೆ, ಅಲ್ಲಿ ಗುಂಪು ಕಟ್ಟುವುದೇ ಇಲ್ಲ.

ಇನ್ನು ರಕ್ತ. ನಮ್ಮ ಮೈಯಲ್ಲಿ ಒಟ್ಟು ಇರುವ ಕಬ್ಬಿಣವೇ ಮೂರರಿಂದ ನಾಲ್ಕು ಗ್ರಾಂ. ಅದರಲ್ಲಿ ಬಹುಪಾಲು ಹಿಮೋಗ್ಲೋಬಿನ್‌ನೊಳಗೆ ಒಂದೊಂದೇ ಅಣುವಾಗಿ ಚದುರಿ ಕೂತಿದೆ. ಊರಿಗೊಬ್ಬ ಇದ್ದ ಹಾಗೆ. ತೇರು ಎಳೆಯುವವರು ಯಾರು? 1936ರಲ್ಲೇ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇದನ್ನು ಅಳೆದು ತೋರಿಸಿದ್ದಾರೆ: ಆಮ್ಲಜನಕ ತುಂಬಿದ ರಕ್ತವನ್ನು ಚುಂಬಕ ಎಳೆಯುವುದಿಲ್ಲ, ಅತಿ ಸ್ವಲ್ಪ ದೂರ ತಳ್ಳುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಅತಿ ಸ್ವಲ್ಪ ಸೆಳೆಯಲ್ಪಡುತ್ತದೆ. ಎರಡೂ ಎಷ್ಟು ಕಡಿಮೆ ಅಂದರೆ ಹೃದಯದ ಒತ್ತಡದ ಮುಂದೆ ಲೆಕ್ಕಕ್ಕೇ ಇಲ್ಲ.

ಅವ್ವನಿಗೆ ನಾಟಿದ್ದು ಬೇರೆ ಮಾತು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಆಕೆಯ ಮೊಣಕಾಲಿಗೆ ಎಂಆರ್‌ಐ ಮಾಡಿಸಿದ್ದೆವು. "ಅವತ್ತು ಒಳಗ ಕಳಿಸಿದ್ರಲ್ಲ, ಅದೂ ಚುಂಬಕನ ಬೇ. ಈ ಗಾದಿಗಿಂತ ಸಾವಿರ ಪಟ್ಟು ಜೋರಿಂದು. ಅರ್ಧ ತಾಸು ಮಲಗಿದ್ದಿ. ನೋವು ಹೋತೇನು?"

"ಎಲ್ಲಿ ಹೋತು. ಬಿಲ್ ನೋಡಿ ಇನ್ನಷ್ಟು ಬಂತು" ಅಂದಳು. ಮಾತು ಮತ್ತೆ ಶುರುವಾಯಿತು.

ಫೋನ್ ಹಿಡಿದು ಅಳೆದದ್ದು

ನಿಮ್ಮ ಫೋನಿನಲ್ಲಿ ಮ್ಯಾಪ್ ತೆಗೆದಾಗ ನೀವು ಯಾವ ಕಡೆ ಮುಖ ಮಾಡಿದ್ದೀರಿ ಅಂತ ತೋರಿಸುತ್ತದಲ್ಲ, ಅದಕ್ಕೆ ಕಾರಣ ಒಳಗಿರುವ ಮ್ಯಾಗ್ನೆಟೋಮೀಟರ್. ಚುಂಬಕದ ಪ್ರಭಾವ ಹಬ್ಬಿರುವ ಜಾಗಕ್ಕೆ ಕಾಂತಕ್ಷೇತ್ರ ಅಂತಾರೆ. ಅದು ಎಷ್ಟು ಜೋರಾಗಿದೆ, ಯಾವ ದಿಕ್ಕಿಗಿದೆ ಅಂತ ಈ ಸೆನ್ಸರ್ ಮೈಕ್ರೋಟೆಸ್ಲಾ ಲೆಕ್ಕದಲ್ಲಿ ಹೇಳುತ್ತದೆ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ. ಎಲ್ಲ ಫೋನಿನಲ್ಲೂ ಈ ಸೆನ್ಸರ್ ಇರುವುದಿಲ್ಲ, ಬಹಳಷ್ಟರಲ್ಲಿ ಇರುತ್ತದೆ.

ಅಂಗಳದ ನಡುವೆ ನಿಂತಾಗ ನನ್ನ ಫೋನ್ 41 ತೋರಿಸಿತು. ಅದು ಭೂಮಿಯದ್ದೇ ಕ್ಷೇತ್ರ. ಜಗತ್ತಿನಾದ್ಯಂತ ಇದು ಸುಮಾರು 25ರಿಂದ 65ರ ನಡುವೆ ಇರುತ್ತದೆ. ನಮ್ಮ ಕಡೆ 40ರ ಆಸುಪಾಸು.

"ಹಂಗಾರ ಉತ್ತರಕ್ಕ ತಲಿ ಹಾಕಿ ಮಲಗಬಾರದು ಅನ್ನೋದು?" ಅಂತ ಅಲ್ಲಿಯೇ ಅವ್ವನ ಪ್ರಶ್ನೆ. ಯಾವ ಕಡೆ ತಲೆ ಹಾಕಿದರೂ ಅದೇ 41 ಅಂದೆ. ನಂಬಲಿಲ್ಲ. ಒಂದೇ ದಿನ ಎರಡು ಜಗಳ ಬೇಡ ಅಂತ ನಾನೂ ಬಿಟ್ಟೆ.

ಆಮೇಲೆ ಗಾದಿ. ಮೇಲೆ ಇಟ್ಟ ಕೂಡಲೇ ಅಂಕಿ 1,000 ದಾಟಿತು. ಬಿಲ್ಲೆಯಿಂದ 5 ಸೆಂಟಿಮೀಟರ್ ಎತ್ತರದಲ್ಲಿ 790ರ ಹತ್ತಿರ. 10 ಸೆಂಟಿಮೀಟರಿಗೆ 135. 20ಕ್ಕೆ, ಅಂದರೆ ಹೆಚ್ಚುಕಡಿಮೆ ಒಂದು ಗೇಣಿಗೆ, 52. ಇದರಲ್ಲಿ ಭೂಮಿಯ 41 ಕಳೆಯಿರಿ: 749, 94, 11. ದೂರ ಎರಡು ಪಟ್ಟು ಆದಾಗಲೆಲ್ಲ ಬಲ ಸುಮಾರು ಎಂಟನೇ ಒಂದು ಪಾಲಿಗೆ ಇಳಿದಿದೆ. ಸಣ್ಣ ಚುಂಬಕಗಳ ಗುಣವೇ ಇದು. ಹತ್ತಿರ ಬಲು ಜೋರು, ಒಂದು ಗೇಣು ದೂರ ಸರಿದರೆ ಹೆಚ್ಚುಕಡಿಮೆ ಇಲ್ಲ. ಚುಂಬಕಕ್ಕೆ ಯಾವಾಗಲೂ ಉತ್ತರ, ದಕ್ಷಿಣ ಅಂತ ಎರಡು ತುದಿ. ಕತ್ತರಿಸಿದರೆ ಪ್ರತಿ ತುಂಡಿಗೂ ಮತ್ತೆ ಎರಡು. ದೂರದಿಂದ ನೋಡಿದರೆ ಒಂದು ತುದಿಯ ಬಲವನ್ನು ಇನ್ನೊಂದು ತುದಿ ಬಹುಮಟ್ಟಿಗೆ ಅಳಿಸಿಹಾಕುತ್ತದೆ, ಅದಕ್ಕೇ ಇಷ್ಟು ಬೇಗ ಕುಸಿಯುತ್ತದೆ.

ಹಾಗಂತ ಚುಂಬಕ ಮೋಸದ ವಸ್ತು ಅಲ್ಲ. ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗಾಡುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್ ಕಂಡುಕೊಂಡರು. ಮನೆಯ ಫ್ಯಾನು, ಹೊಲದ ಬೋರಿನ ಮೋಟಾರು, 2023ರ ಜೂನ್ 27ರಿಂದ ನಮ್ಮ ಗುಡಗೇರಿ ಸ್ಟೇಶನ್ ಹಾದು ಓಡುವ ಧಾರವಾಡದ ವಂದೇ ಭಾರತ್, ಎಲ್ಲ ತಿರುಗುವುದು ಅದರಿಂದಲೇ. ಚುಂಬಕ ಕಣ್ಣೆದುರು ನಿಜವಾಗಿ ಎಳೆಯುತ್ತದೆ, ಅದಕ್ಕೇ ಅದರ ಹೆಸರಿನಲ್ಲಿ ಹೇಳುವ ಸುಳ್ಳೂ ಸಲೀಸಾಗಿ ಇಳಿಯುತ್ತದೆ.

ಅಜ್ಜನ ಎದೆ

ಇಷ್ಟಕ್ಕೇ ಮುಗಿದಿದ್ದರೆ ಇದು ಹದಿನೆಂಟು ಸಾವಿರದ ಕಥೆ ಆಗುತ್ತಿತ್ತು. ಗಾದಿ ಮಡಿಸುವಾಗ ಅವ್ವ ಸಹಜವಾಗಿ ಒಂದು ಮಾತು ಹೇಳಿದಳು: "ಹಂಗ ಇರಲಿ ಬಿಡೋ, ಮಧ್ಯಾಹ್ನ ಅಜ್ಜ ಅದರ ಮ್ಯಾಲೇ ಮಲಗತಾನ."

ಅಜ್ಜನಿಗೆ ಮೂರು ವರ್ಷದ ಹಿಂದೆ ಪೇಸ್‌ಮೇಕರ್ ಹಾಕಿದ್ದಾರೆ, ಎಡಗಡೆ ಕೊರಳೆಲುಬಿನ ಕೆಳಗೆ. ಆತ ಮಲಗುವುದೂ ಎಡ ಮಗ್ಗುಲಿಗೇ.

ಪೇಸ್‌ಮೇಕರ್ ಒಳಗೆ ಚುಂಬಕ ಹತ್ತಿರ ಬಂತೆಂದು ಗುರುತಿಸುವ ಏರ್ಪಾಟು ಬೇಕೆಂದೇ ಇಟ್ಟಿರುತ್ತಾರೆ. ವೈದ್ಯರು ಪರೀಕ್ಷೆಗೆ ಅಥವಾ ಆಪರೇಷನ್ ವೇಳೆ ಎದೆಯ ಮೇಲೆ ಚುಂಬಕ ಇಟ್ಟರೆ, ಸಾಮಾನ್ಯವಾಗಿ ಯಂತ್ರ ಹೃದಯದ ಸ್ವಂತ ಬಡಿತವನ್ನು ಗಮನಿಸುವುದನ್ನು ಬಿಟ್ಟು ನಿಗದಿ ಮಾಡಿದ ವೇಗದಲ್ಲಿ ಬಡಿಯಲು ಶುರು ಮಾಡುತ್ತದೆ. ಚುಂಬಕ ತೆಗೆದರೆ ಮೊದಲಿನಂತೆ. ಹೃದಯಕ್ಕೆ ಶಾಕ್ ಕೊಡುವ ಐಸಿಡಿ ಎಂಬ ಯಂತ್ರ ಇದ್ದವರಿಗೆ ಇನ್ನೂ ಅಪಾಯ: ಚುಂಬಕ ಇರುವಷ್ಟು ಹೊತ್ತು ಅಗತ್ಯ ಬಿದ್ದರೂ ಅದು ಶಾಕ್ ಕೊಡದೇ ಇರಬಹುದು. ಇದೆಲ್ಲ ನಡೆಯಲು ಬೇಕಾದ ಕ್ಷೇತ್ರ ಸುಮಾರು 1,000 ಮೈಕ್ರೋಟೆಸ್ಲಾ. ನನ್ನ ಫೋನ್ ಗಾದಿಯ ಮೇಲೆ ದಾಟಿದ್ದು ಅದೇ ಅಂಕಿಯನ್ನು.

ಅಜ್ಜನ ಕಾರ್ಡ್ ಹುಡುಕಿದೆ. ಪ್ಲಾಸ್ಟಿಕ್ ಚೀಲದಲ್ಲಿ, ರೇಷನ್ ಕಾರ್ಡಿನ ಜೊತೆ ಭದ್ರವಾಗಿ ಇತ್ತು. ಚುಂಬಕದಿಂದ ದೂರ ಇರಿ ಅಂತ ಅದರ ಹಿಂದೆ ಸ್ಪಷ್ಟವಾಗಿ ಬರೆದಿದೆ, ಇಂಗ್ಲಿಷಿನಲ್ಲಿ. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬ, ಮೂರು ವರ್ಷದಲ್ಲಿ ಒಮ್ಮೆಯೂ ಓದಿರಲಿಲ್ಲ. ಗಾದಿ ಮಾರಿದವರ ಮೇಲೆ ಬಂದಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಮರುದಿನ ಅಜ್ಜನನ್ನು ಕರಕೊಂಡು ಹೋಗಿ ಯಂತ್ರ ಪರೀಕ್ಷೆ ಮಾಡಿಸಿದೆವು. ಸರಿಯಾಗಿದೆ ಅಂದರು. ವಾಪಸ್ ಬಂದವನೇ ಕಾರ್ಡಿನಲ್ಲಿದ್ದದ್ದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಜ್ಜನ ಮಂಚದ ಮೇಲಿನ ಗೋಡೆಗೆ ಅಂಟಿಸಿದೆ.

ನಿಮ್ಮ ಮನೆಯಲ್ಲೂ ಪೇಸ್‌ಮೇಕರ್ ಇರುವ ಹಿರಿಯರಿದ್ದರೆ ಇಷ್ಟು ನೋಡಿಕೊಳ್ಳಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಹೇಳಿದ್ದು: ಫೋನು, ಸ್ಮಾರ್ಟ್ ವಾಚುಗಳನ್ನು ಯಂತ್ರದಿಂದ 15 ಸೆಂಟಿಮೀಟರ್ ದೂರ ಇಡಬೇಕು. ಈಗಿನ ಕೆಲವು ಫೋನುಗಳ ಬೆನ್ನಿಗೆ ಚಾರ್ಜರ್ ಕೂರಲೆಂದು ಚುಂಬಕದ ಉಂಗುರವೇ ಇರುತ್ತದೆ. ಅಂಗಿಯ ಎದೆ ಕಿಸೆಯಲ್ಲಿ ಫೋನ್ ಬೇಡ. ಚುಂಬಕದ ಪಟ್ಟಿ, ಬಳೆ, ಗಾದಿ ಯಾವುದೂ ಬೇಡ. ಅನುಮಾನ ಬಂದರೆ ಯಂತ್ರ ಹಾಕಿದ ವೈದ್ಯರನ್ನೇ ಕೇಳಿ.

ಗಾದಿ ಏನಾಯಿತು?

ಸಂಜೆ ಆ ಅಕ್ಕನ ಮನೆಗೆ ಹೋದೆ. ಜಗಳಕ್ಕೆ ಅಂತಲೇ ಹೋಗಿದ್ದೆ. ಅವರ ಪಡಸಾಲೆಯಲ್ಲೂ ಅದೇ ನೀಲಿ ಗಾದಿ. ಮೊದಲು ತಾವು ಕೊಂಡರೆ ಮಾತ್ರ ಮಾರುವ ಹಕ್ಕು, ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್. ಸೇರಿಸಿದ್ದು ನಮ್ಮ ಅವ್ವ ಒಬ್ಬಳನ್ನೇ. "ನಂದೂ ಸಾಲ ಐತಿ ತಮ್ಮಾ" ಅಂದರು. ಏನು ಮಾತಾಡಲಿ?

ಇಬ್ಬರ ಪರವಾಗಿಯೂ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳ ಪ್ರಕಾರ, ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಮಾರಲು ಮನೆಗೆ ಬರುವ ಹಾಗಿಲ್ಲ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಪದ್ಧತಿಗೂ ನಿಷೇಧ ಇದೆ. ಊರಿನಲ್ಲಿರುವ ನಿಮ್ಮ ಅಪ್ಪ ಅವ್ವನಿಗೆ ಇದನ್ನು ಇವತ್ತೇ ಫೋನ್ ಮಾಡಿ ಹೇಳಿ.

ನೋವಿನ ವಿಷಯಕ್ಕೆ ಬಂದರೆ, ಇಂಥ ಚುಂಬಕಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2007ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರಿಶೀಲನೆ ಬಂತು. ನೋವು ಕಡಿಮೆ ಮಾಡುತ್ತವೆ ಅನ್ನಲು ಆಧಾರ ಸಿಗಲಿಲ್ಲ, ಹಾಗಾಗಿ ಶಿಫಾರಸು ಮಾಡಲಾಗದು ಎಂದರು. ಕೀಲು ಸವೆತದ ವಿಷಯದಲ್ಲಿ ಮಾತ್ರ, ಇಲ್ಲವೇ ಇಲ್ಲ ಎನ್ನಲು ಇನ್ನಷ್ಟು ಪ್ರಯೋಗ ಬೇಕು ಎಂದು ಬಿಟ್ಟರು. ಅವ್ವನಿಗೆ ಇದನ್ನೂ ಮುಚ್ಚಿಡದೆ ಹೇಳಿದೆ. "ಅವರು ಪ್ರಯೋಗ ಮಾಡಲಿ, ಸಾಲ ನಾ ಕಟ್ಟಬೇಕಲ್ಲ" ಅಂದಳು.

ಈಗ ಆಕೆ ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ಮಾಡುತ್ತಿದ್ದಾಳೆ, ವಾರಕ್ಕೆ ನಾಲ್ಕು ದಿನ ಮಾಡಿ ಏಳು ದಿನ ಅಂತ ನನಗೆ ಹೇಳುತ್ತಾಳೆ. ಗಾದಿ ದೂರು ಮುಗಿಯುವ ತನಕ ಅಟ್ಟದ ಮೇಲೆ ಇದೆ. ಸ್ಪೀಕರಿನ ಚುಂಬಕ ಮಾತ್ರ ಅಡುಗೆಮನೆ ಸೇರಿದೆ. ಮೊನ್ನೆ ಗಿರಣಿಯಿಂದ ಬಂದ ಖಾರಪುಡಿಯಲ್ಲಿ ಅದನ್ನು ಆಡಿಸಿ, ಅಂಟಿಕೊಂಡ ಕಬ್ಬಿಣದ ಚೂರುಗಳ ಫೋಟೋ ಕಳಿಸಿದ್ದಳು. ಜೊತೆಗೊಂದು ವಾಯ್ಸ್ ಮೆಸೇಜ್: "ನೋಡಪಾ, ಇದು ಎಳದದ್ದು ಖರೇ ಕಬ್ಬಿಣ."